ಅಪ್ಪನನ್ನು ‘ಮರೆವಿನವರ ಗುಂಪಿ’ಗೆ ಕಳಿಸಬೇಕಾ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ದಾವಣಗೆರೆ ಹತ್ತಿರದ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಎರಡು ವರ್ಷದಿಂದ ಮರೆವು. ಹೋದ ತಿಂಗಳು ಬೆಂಗಳೂರಿನಲ್ಲಿ ತೋರಿಸಿದೆವು. ಆಲ್ಝೈಮರ್ಸ್, ಇನ್ನೂ ಆರಂಭದ ಹಂತ ಅಂದರು. ಮಾತ್ರೆ ಬರೆದುಕೊಟ್ಟು, ‘ಸಾಧ್ಯವಾದರೆ ಸಪೋರ್ಟ್ ಗ್ರೂಪಿಗೆ ಸೇರಿಸಿ’ ಅಂತಲೂ ಹೇಳಿದರು. ಅಮ್ಮನಿಗೆ ಇದು ಸುತರಾಂ ಇಷ್ಟವಿಲ್ಲ. ‘ನಾಲ್ಕು ಜನರ ಮುಂದೆ ಕೂರಿಸಿ ಮರ್ಯಾದೆ ತೆಗೀಬೇಕಾ?’ ಅಂತಾರೆ. ಅಪ್ಪನಿಗೆ ನಾವು ಕಾಯಿಲೆಯ ಹೆಸರನ್ನೇ ಹೇಳಿಲ್ಲ. ಇಂಥ ಗುಂಪಿನಲ್ಲಿ ಏನು ಮಾಡಿಸುತ್ತಾರೆ? ಅದರಿಂದ ಮರೆವು ಕಡಿಮೆ ಆಗುತ್ತಾ? ನಮ್ಮ ಕಡೆ ಅಂಥದ್ದು ಸಿಗದಿದ್ದರೆ ಏನು ಮಾಡೋಣ?

ಉತ್ತರ: ನಡುವಿನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಗುಂಪಿಗೆ ಹೋದರೆ ಮರೆವು ಕಡಿಮೆ ಆಗುವುದಿಲ್ಲ. ಹಾಗೆ ಯಾರಾದರೂ ಹೇಳಿದರೆ ಅವರ ಹತ್ತಿರ ಹೋಗಬೇಡಿ.

ಹಾಗಾದರೆ ಯಾಕೆ ಹೋಗಬೇಕು? ಮೇಷ್ಟ್ರು ಈಗ ಮನೆಯಲ್ಲಿ ಹೇಗಿದ್ದಾರೆ ಅಂತ ಒಮ್ಮೆ ನೋಡಿ. ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. ಮಾತು ಕಡಿಮೆಯಾಗಿದೆ. ಮದುವೆ ಮುಂಜಿಗೆ ಕರೆದರೆ ‘ನೀವು ಹೋಗಿಬನ್ನಿ’ ಅಂತಾರೆ. ಹಳೆಯ ಶಿಷ್ಯರು ಎದುರಾದರೆ ಹೆಸರು ನೆನಪಾಗದೆ ‘ಏನಪ್ಪಾ, ಚೆನ್ನಾಗಿದೀಯಾ’ ಅಂತ ಹೇಳಿ ಬೇಗ ಹೆಜ್ಜೆ ಹಾಕುತ್ತಾರೆ. ಮಗ್ಗಿ ತಪ್ಪೀತು ಅಂತ ಮೊಮ್ಮಕ್ಕಳಿಗೆ ಲೆಕ್ಕ ಹೇಳಿಕೊಡುವುದನ್ನೂ ಬಿಟ್ಟಿರಬಹುದು. ಇಷ್ಟೂ ಮರೆವಿನಿಂದ ಆಗಿದ್ದಲ್ಲ. ಅರ್ಧ ಮರೆವು, ಅರ್ಧ ಅದನ್ನು ಮುಚ್ಚಿಡುವ ಪಾಡು. ಹೊಸದಾಗಿ ಕಾಯಿಲೆ ಗೊತ್ತಾದವರ ದಿನದ ಶಕ್ತಿಯೆಲ್ಲ ಈ ಮುಚ್ಚಿಡುವುದರಲ್ಲೇ ಖರ್ಚಾಗುತ್ತದೆ. ಮುಚ್ಚಿಡಬೇಕಾಗಿಲ್ಲದ ಒಂದು ಜಾಗ ಕೊಡುವುದು ಗುಂಪು ಮಾಡುವ ಕೆಲಸ.

ಇದು ಬರೀ ನನ್ನ ಅನುಭವದ ಮಾತಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಆರಂಭದ ಹಂತದವರನ್ನೂ ಅವರ ಮನೆಯವರನ್ನೂ ಸೇರಿಸಿ ಒಂದು ಅಧ್ಯಯನ ಮಾಡಿದ್ದರು. ಅದರ ವರದಿ 2010ರಲ್ಲಿ ಬಂತು. ವಾರಕ್ಕೊಮ್ಮೆ, ಒಂಬತ್ತು ವಾರ, ಒಂದೂವರೆ ಗಂಟೆಯ ಭೇಟಿ. ಗುಂಪಿಗೆ ಬಂದವರಲ್ಲಿ ಖಿನ್ನತೆ ಕಡಿಮೆಯಾಗಿತ್ತು. ಬದುಕಿನ ಬಗ್ಗೆ ಸಮಾಧಾನ ಹೆಚ್ಚಿತ್ತು. ಮನೆಯವರ ಜೊತೆ ಮಾತುಕತೆ ಸುಧಾರಿಸಿತ್ತು. ಗುಂಪಿನಿಂದ ಇಷ್ಟನ್ನು ನಿರೀಕ್ಷಿಸಿ. ಇದೇನೂ ಕಡಿಮೆ ಅಲ್ಲ.

ಈಗ ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಆಪ್ತಸಮಾಲೋಚಕಿಯಾಗಿ ನಾನು ನಡೆಸುವ ಗುಂಪು ಬೆಂಗಳೂರಿನಲ್ಲಿದೆ. ಆರು ಜನ, ಜಾಸ್ತಿ ಅಂದರೆ ಎಂಟು. ಅದಕ್ಕಿಂತ ಹೆಚ್ಚಾದರೆ ಯಾರು ಏನು ಹೇಳಿದರು ಅಂತ ಹಿಡಿದಿಟ್ಟುಕೊಳ್ಳುವುದು ಅವರಿಗೆ ಕಷ್ಟ. ಹೊತ್ತು ಬೆಳಿಗ್ಗೆ ಹತ್ತೂವರೆ. ಸಂಜೆ ಇಡುವುದಿಲ್ಲ, ಹೊತ್ತು ಇಳಿದ ಹಾಗೆ ಹಲವರಿಗೆ ಗೊಂದಲ ಏರುತ್ತದೆ. ಪ್ರತಿ ಸಲ ಅದೇ ಕೋಣೆ, ಅದೇ ಕುರ್ಚಿ. ಎಲ್ಲರ ಎದೆ ಮೇಲೂ ದಪ್ಪ ಅಕ್ಷರದ ಹೆಸರಿನ ಚೀಟಿ ಇರುತ್ತದೆ. ನನ್ನ ಎದೆ ಮೇಲೂ, ಕಾಫಿ ತರುವವರ ಎದೆ ಮೇಲೂ. ‘ನಾನು ಯಾರು ಹೇಳಿ ನೋಡೋಣ’ ಅನ್ನುವ ಮಾತು ಆ ಕೋಣೆಯಲ್ಲಿ ನಿಷಿದ್ಧ. ನಿಮ್ಮ ಮನೆಗೆ ಬರುವ ನೆಂಟರಿಗೂ ಇದನ್ನು ಹೇಳಿಡಿ. ಪ್ರೀತಿಯಿಂದಲೇ ಕೇಳುತ್ತಾರೆ, ನಿಜ. ಕೇಳಿಸಿಕೊಂಡವರಿಗೆ ಮಾತ್ರ ಅದು ಪರೀಕ್ಷೆ, ಅದೂ ಎಲ್ಲರೆದುರಿಗೆ ಫೇಲ್ ಆಗುವ ಪರೀಕ್ಷೆ.

ಮೊದಲ ಭೇಟಿಯಲ್ಲಿ ನಾನು ಕೇಳುವುದು ಒಂದೇ: ‘ಡಾಕ್ಟರು ನಿಮಗೆ ಏನು ಹೇಳಿದರು?’ ಬಗೆಬಗೆಯ ಉತ್ತರ ಬರುತ್ತದೆ. ‘ಬಿ.ಪಿ. ಅಂದರು.’ ‘ವಯಸ್ಸಾಯ್ತು ಅಂದರು.’ ‘ನನಗೇನೂ ಹೇಳಲಿಲ್ಲ, ಮಗನ ಹತ್ತಿರ ಮಾತಾಡಿದರು.’ ಈ ಮೂರನೆಯ ಉತ್ತರ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗ ದನಿಯಲ್ಲಿ ಸಿಟ್ಟಿರುತ್ತದೆ. ಆಮೇಲೆ ಯಾರೋ ಒಬ್ಬರು ನೇರವಾಗಿ ‘ನನಗೆ ಆಲ್ಝೈಮರ್ಸ್’ ಅಂತಾರೆ. ಒಂದು ಗಳಿಗೆ ಮೌನ. ಆ ಮಾತು ಇನ್ನೊಬ್ಬ ರೋಗಿಯ ಬಾಯಿಂದ ಬರುವುದಕ್ಕೂ ಡಾಕ್ಟರ ಬಾಯಿಂದ ಬರುವುದಕ್ಕೂ ತುಂಬಾ ವ್ಯತ್ಯಾಸವಿದೆ. ಹೇಳಿದವರು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದಾರೆ, ನಗುತ್ತಿದ್ದಾರೆ, ಮಗಳ ಮನೆಗೆ ಹೋಗಿಬಂದ ಕತೆ ಹೇಳುತ್ತಿದ್ದಾರೆ. ಈ ಹೆಸರಿನ ಕಾಯಿಲೆ ಇದ್ದೂ ಮನುಷ್ಯ ಹೀಗಿರಬಹುದು ಅಂತ ಉಳಿದವರು ಕಣ್ಣಾರೆ ನೋಡುತ್ತಾರೆ.

ಮುಂದಿನ ವಾರಗಳಲ್ಲಿ ಒಂದೊಂದು ದಿನ ಒಂದೊಂದು ವಿಷಯ. ಯಾರಿಗೆ ಹೇಳಬೇಕು, ಯಾರಿಗೆ ಬೇಡ. ಸಿಟ್ಟು ಯಾಕೆ ಬರುತ್ತದೆ. ಗಾಡಿ ಓಡಿಸುವುದು ಯಾವಾಗ ಬಿಡಬೇಕು (ಗಂಡಸರ ಗುಂಪಿನಲ್ಲಿ ಬಿಸಿ ಏರುವ ವಿಷಯ ಇದೊಂದೇ). ದಿನಾ ಎದುರಾಗುವ ಸಣ್ಣ ಫಜೀತಿಗಳಿಗೆ ಅವರವರೇ ಕಂಡುಕೊಂಡ ಉಪಾಯಗಳು. ನಾನು ಕಲಿತ ಒಳ್ಳೆಯ ಉಪಾಯಗಳೆಲ್ಲ ಅವರಿಂದ ಬಂದವು. ಅಂಗಡಿ ನಡೆಸುತ್ತಿದ್ದ ಒಬ್ಬರು ಶರ್ಟಿನ ಜೇಬಿನಲ್ಲಿ ಸಣ್ಣ ಪುಸ್ತಕ ಇಟ್ಟಿದ್ದರು. ‘ಕೊಡಬೇಕಾದ್ದು’, ‘ಬರಬೇಕಾದ್ದು’ ಅಂತ ಸಾಲದ ಲೆಕ್ಕ ಬರೆಯುವ ಹಾಗೆ ದಿನದ ಕೆಲಸ ಬರೆಯುತ್ತಿದ್ದರು. ಊಟ ಆಯ್ತಾ? ಬರಬೇಕಾದ್ದು. ಮಾತ್ರೆ ನುಂಗಿದೆನಾ? ಕೊಟ್ಟಾಯ್ತು. ನಲವತ್ತು ವರ್ಷದ ಅಭ್ಯಾಸ ಕೈಯಲ್ಲಿತ್ತು, ಅದನ್ನೇ ಬಳಸಿಕೊಂಡರು. ನಿಮ್ಮ ಮೇಷ್ಟ್ರಿಗೆ ಸೀಮೆಸುಣ್ಣ, ಕರಿಹಲಗೆ ಇದೆ ಅಲ್ವಾ? ಅಡುಗೆಮನೆ ಬಾಗಿಲ ಪಕ್ಕ ಒಂದು ಹಲಗೆ ನೇತುಹಾಕಿ, ಬೆಳಿಗ್ಗೆ ತಾರೀಖು ಬರೆಯುವ ಕೆಲಸ ಅವರಿಗೇ ಕೊಡಿ.

ನಗುವೂ ಬೇಕಾದಷ್ಟು ಇರುತ್ತದೆ. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ತಮ್ಮದೇ ಹಳೆಯ ರೂಟಿನಲ್ಲಿ ಎಲ್ಲಿ ಇಳಿಯಬೇಕೋ ಗೊತ್ತಾಗದೆ ಕೊನೆಯ ಸ್ಟಾಪಿನವರೆಗೆ ಹೋದ ಕತೆ ಹೇಳಿದರು. ‘ಮೂವತ್ತು ವರ್ಷ ಜನರನ್ನ ಇಳಿಸಿದೆ. ಈಗ ನನ್ನನ್ನ ಯಾರಾದ್ರೂ ಇಳಿಸಬೇಕು’ ಅಂದರು. ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದೇ ಕತೆಯನ್ನು ಅವರು ಮನೆಯಲ್ಲಿ ಹೇಳಿದ್ದಾಗ ಯಾರೂ ನಕ್ಕಿರಲಿಲ್ಲ. ಮಾರನೇ ದಿನದಿಂದ ಒಬ್ಬರೇ ಹೊರಗೆ ಹೋಗುವುದನ್ನು ನಿಲ್ಲಿಸಿದ್ದರು. ಮನೆಯವರ ತಪ್ಪಲ್ಲ, ಅವರ ಭಯ ಅವರಿಗೆ. ಆದರೆ ನಗಬಲ್ಲ ಜನರೂ ಬೇಕು.

ಇನ್ನು ನಿಮ್ಮ ತಾಯಿಯವರ ಮಾತು. ಅದನ್ನು ಹಗುರವಾಗಿ ತಗೊಳ್ಳಬೇಡಿ. ಮರ್ಯಾದೆಯ ಪ್ರಶ್ನೆ ನಿಜವಾದದ್ದೇ. ನಮ್ಮಲ್ಲಿ ಮರೆವಿಗೆ ಇರುವ ಹೆಸರುಗಳನ್ನೇ ನೋಡಿ. ‘ಅರಳುಮರಳು’ ಅಂತೀವಿ, ಕಾಯಿಲೆ ಅಂತ ಒಪ್ಪುವುದೇ ಇಲ್ಲ. ಆಲ್ಝೈಮರ್ಸ್ ಥರದ ಮೆದುಳು ಸೊರಗುವ ಕಾಯಿಲೆಗಳಿಗೆಲ್ಲ ಒಟ್ಟಾಗಿ ಡಿಮೆನ್ಷಿಯಾ ಅಂತಾರೆ. ಕೆಲವರು ಅದಕ್ಕೆ ‘ಬುದ್ಧಿಮಾಂದ್ಯತೆ’ ಅಂತ ಬರೆದುಬಿಡುತ್ತಾರೆ. ಅದು ಪೂರ್ತಿ ತಪ್ಪು. ಬುದ್ಧಿಮಾಂದ್ಯತೆ ಹುಟ್ಟಿನಿಂದಲೋ ಎಳೆಯ ವಯಸ್ಸಿನಿಂದಲೋ ಬರುವಂಥದ್ದು. ಇದು ಚೆನ್ನಾಗಿದ್ದ ಮೆದುಳಿಗೆ ಆಮೇಲೆ ಬಂದ ಕಾಯಿಲೆ. ಲೆಕ್ಕದ ಮೇಷ್ಟ್ರ ಹೆಂಡತಿಗೆ ಇಂಥ ಪದ ಕಿವಿಗೆ ಬಿದ್ದರೆ ಬಾಗಿಲು ಹಾಕಿಕೊಳ್ಳದೆ ಇನ್ನೇನು ಮಾಡುತ್ತಾರೆ? ತಾಯಿಗೆ ಒಂದು ಲೆಕ್ಕ ಹೇಳಿ. ದೇಶದಾದ್ಯಂತ ನಡೆದ ‘ಲಾಸಿ-ಡ್ಯಾಡ್’ ಸಮೀಕ್ಷೆಯ ಪ್ರಕಾರ ಅರವತ್ತು ದಾಟಿದವರಲ್ಲಿ ಶೇ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ನಿಮ್ಮ ಊರಿನ ನಿವೃತ್ತ ನೌಕರರ ಸಂಘದಲ್ಲಿ ನೂರು ಜನ ಸದಸ್ಯರಿದ್ದರೆ, ಸುಮಾರು ಏಳು ಮನೆಗಳಲ್ಲಿ ಇದೇ ಬಾಗಿಲು ಹಾಕಿರಬಹುದು.

ಗುಂಪಿನಲ್ಲಿ ಮರ್ಯಾದೆ ಕಾಪಾಡುವ ಕಟ್ಟುಪಾಡೂ ಇರಬೇಕು. ಫೋಟೊ ಇಲ್ಲ, ವಿಡಿಯೊ ಇಲ್ಲ. ಒಳಗೆ ಆಡಿದ್ದು ಹೊರಗೆ ಹೋಗುವಂತಿಲ್ಲ, ಹೆಂಡತಿ ಮಕ್ಕಳಿಗೂ ನಾವು ಹೇಳುವುದಿಲ್ಲ. ಸೇರಿಸುವ ಮೊದಲು ಇದನ್ನು ಕೇಳಿ ಖಚಿತ ಮಾಡಿಕೊಳ್ಳಿ. ಪುಡಿ, ತುಪ್ಪ, ಸ್ಟೆಮ್‌ಸೆಲ್ ಅಂತ ಏನಾದರೂ ಮಾರುವ ಸುಳಿವು ಸಿಕ್ಕರೆ ಎದ್ದು ಬನ್ನಿ.

ನನ್ನದೇ ಒಂದು ತಪ್ಪನ್ನೂ ಹೇಳಬೇಕು. ಕೆಲಸ ಶುರುಮಾಡಿದ ಹೊಸತರಲ್ಲಿ ಜನ ಕಡಿಮೆ ಅಂತ ಎಲ್ಲ ಹಂತದವರನ್ನೂ ಒಟ್ಟಿಗೆ ಕೂರಿಸಿದ್ದೆ. ಆಗಷ್ಟೇ ಕಾಯಿಲೆ ಗೊತ್ತಾದ, ಇನ್ನೂ ಕಚೇರಿಗೆ ಹೋಗುತ್ತಿದ್ದ ಒಬ್ಬರು ಬಂದರು. ಅವರ ಎದುರಿನ ಕುರ್ಚಿಯಲ್ಲಿದ್ದವರಿಗೆ ಮಾತು ನಿಂತು, ಮಗಳು ಊಟ ತಿನ್ನಿಸುತ್ತಿದ್ದಳು. ಆ ಮನುಷ್ಯ ಒಂದೂವರೆ ಗಂಟೆ ನೆಲ ನೋಡುತ್ತಾ ಕೂತು ಹೋದರು. ಮತ್ತೆ ಬರಲಿಲ್ಲ. ಅವರಿಗೆ ನಾನು ಆಸರೆ ಕೊಡಲಿಲ್ಲ, ಮುಂದಿನ ಹತ್ತು ವರ್ಷವನ್ನು ಒಂದೇ ಬೆಳಿಗ್ಗೆ ತೋರಿಸಿ ಕಳಿಸಿದೆ. ಅದಕ್ಕೇ ನೀವು ಕೇಳಬೇಕಾದ ಮೊದಲ ಪ್ರಶ್ನೆ: ‘ಇದು ಹೊಸದಾಗಿ ಗೊತ್ತಾದವರ ಗುಂಪಾ, ಎಲ್ಲರದಾ?’

ಎರಡನೆಯ ಪ್ರಶ್ನೆ: ‘ಇದು ರೋಗಿಗಳದಾ, ಮನೆಯವರದಾ?’ ನಮ್ಮಲ್ಲಿ ಸಪೋರ್ಟ್ ಗ್ರೂಪ್ ಅಂದರೆ ಹೆಚ್ಚಾಗಿ ಮನೆಯವರದೇ. ಅದೂ ಬೇಕು. ಆದರೆ ಅದಕ್ಕೆ ತಂದೆಯವರನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಬೇಡಿ. ಅವರ ಕಷ್ಟವನ್ನು ಅವರೆದುರೇ ಬೇರೆಯವರು ಬಿಚ್ಚಿಡುವುದು ಯಾರಿಗೆ ಹಿತ? ಗಂಡ ಹೆಂಡತಿ ಒಟ್ಟಿಗೆ ಕೂತರೆ ಇನ್ನೊಂದು ತೊಂದರೆ. ನಾನು ಮೇಷ್ಟ್ರನ್ನು ‘ಕಾಫಿಗೆ ಸಕ್ಕರೆ ಬೇಕಾ?’ ಅಂದರೆ ತಾಯಿ ‘ಅವರಿಗೆ ಸಕ್ಕರೆ ಬೇಡ’ ಅಂತಾರೆ. ಪ್ರೀತಿಯೇ ಅದು. ಆದರೆ ಉತ್ತರ ಹೇಳುವ ಅವಕಾಶ ಹೋಯಿತಲ್ಲ. ಆದ್ದರಿಂದ ರೋಗಿಗಳು ಈ ಕೋಣೆ, ಮನೆಯವರು ಪಕ್ಕದ ಕೋಣೆ. ಕೊನೆಯ ಕಾಲು ಗಂಟೆ ಎಲ್ಲರೂ ಒಟ್ಟಿಗೆ.

ರೋಗಿಗಳು ತಾವೇ ತಮ್ಮ ಪರ ಮಾತಾಡುವುದು ಜಗತ್ತಿಗೂ ತಡವಾಗಿಯೇ ಹೊಳೆದದ್ದು. ಅಲೋಯ್ಸ್ ಆಲ್ಝೈಮರ್ ಎಂಬ ವೈದ್ಯರು 1906ರಲ್ಲೇ ಜರ್ಮನಿಯಲ್ಲಿ ಈ ಕಾಯಿಲೆಯ ಬಗ್ಗೆ ವೈದ್ಯರ ಸಭೆಯಲ್ಲಿ ಹೇಳಿದ್ದರು. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಬೇರ್ ಮೀಸನ್ ಎಂಬ ಮನಶ್ಶಾಸ್ತ್ರಜ್ಞರು ಮೊದಲ ‘ಆಲ್ಝೈಮರ್ ಕೆಫೆ’ ತೆರೆದದ್ದು 1997ರಲ್ಲಿ. ರೋಗಿಗಳು, ಮನೆಯವರು, ವೈದ್ಯರು ಒಂದೇ ಕಡೆ ಕೂತು ಕಾಫಿ ಕುಡಿಯುತ್ತಾ ಮಾತಾಡುವ ಜಾಗ ಅದು. ಆಸ್ಟ್ರೇಲಿಯಾದ ಕ್ರಿಸ್ಟಿನ್ ಬ್ರೈಡನ್ ಅವರಿಗೆ 1995ರಲ್ಲಿ, 46ನೇ ವಯಸ್ಸಿಗೆ ಡಿಮೆನ್ಷಿಯಾ ಅಂತ ಗೊತ್ತಾಯಿತು. ಆಮೇಲೆ ಅವರು ವರ್ಷಗಟ್ಟಲೆ ವೇದಿಕೆ ಹತ್ತಿ ಮಾತಾಡಿದರು. ಡಿಮೆನ್ಷಿಯಾ ಇರುವವರಿಗೆ ಮಾತ್ರ ಸದಸ್ಯತ್ವವಿರುವ ‘ಡಿಮೆನ್ಷಿಯಾ ಅಲೈಯನ್ಸ್ ಇಂಟರ್‌ನ್ಯಾಷನಲ್’ ಬಂದದ್ದು 2014ರಲ್ಲಿ. ನೂರು ವರ್ಷ ಅವರ ಬಗ್ಗೆ ಬೇರೆಯವರೇ ಮಾತಾಡಿದ್ದರು ಅಂತಾಯ್ತು.

ಹೆಸರು ಹೇಳದಿರುವ ವಿಷಯಕ್ಕೆ ಬರೋಣ. ಸುಳ್ಳು ಹೇಳಿ ಗುಂಪಿಗೆ ಕರೆದೊಯ್ಯಬೇಡಿ. ‘ಯೋಗ ಕ್ಲಾಸ್’ ಅಂತ ಹೇಳಿ ಕರೆತಂದವರನ್ನು ನೋಡಿದ್ದೇನೆ. ಒಳಗೆ ಬಂದು ಹತ್ತೇ ನಿಮಿಷಕ್ಕೆ ವಿಷಯ ಗೊತ್ತಾಗುತ್ತದೆ, ಆಮೇಲೆ ಮಕ್ಕಳ ಮಾತನ್ನೇ ನಂಬುವುದಿಲ್ಲ. ತಂದೆಯವರಿಗೆ ಏನೋ ಆಗಿದೆ ಅಂತ ಅವರಿಗೆ ಗೊತ್ತೇ ಇದೆ. ನಿಮಗಿಂತ ಮೊದಲೇ ಗೊತ್ತಾಗಿರುತ್ತದೆ. ಒಂದು ಬೆಳಿಗ್ಗೆ, ಮನೆ ಶಾಂತವಾಗಿದ್ದಾಗ, ಮೊದಲು ಕೇಳಿ: ‘ಅಪ್ಪಾ, ಇತ್ತೀಚೆಗೆ ನಿಮಗೇ ಏನಾದ್ರೂ ವ್ಯತ್ಯಾಸ ಅನಿಸ್ತಿದೆಯಾ?’ ಅವರು ಹೇಳುವುದನ್ನು ಕೇಳಿಸಿಕೊಳ್ಳಿ. ಆಮೇಲೆ, ‘ಡಾಕ್ಟರು ಪರೀಕ್ಷೆ ಮಾಡಿದ್ರಲ್ಲ, ಅದರಲ್ಲಿ ಏನು ಬಂತು ಅಂತ ತಿಳ್ಕೋಬೇಕಾ?’ ಅಂತ ಕೇಳಿ. ಬೇಕು ಅಂದರೆ ಹೇಳಿ: ನೆನಪಿನ ಕಾಯಿಲೆ, ಹೆಸರು ಆಲ್ಝೈಮರ್ಸ್, ನಿಧಾನವಾಗಿ ಮುಂದುವರಿಯುವಂಥದ್ದು, ನಾವು ಜೊತೆಗಿದ್ದೇವೆ. ಬೇಡ ಅಂದರೆ ಒತ್ತಾಯ ಬೇಡ, ಇನ್ನೊಂದು ದಿನ ನೋಡೋಣ. ನಿಮ್ಮ ಕೈಲಿ ಆಗದಿದ್ದರೆ ತಂದೆಯವರ ಮುಖ ನೋಡಿ ನೇರವಾಗಿ ಹೇಳಲು ಡಾಕ್ಟರನ್ನೇ ಕೇಳಿಕೊಳ್ಳಿ. ಕೇಳಿದ ಮೇಲೆ ಕೆಲವು ದಿನ ಮಂಕಾಗಿರುತ್ತಾರೆ. ಆದರೆ ಊಟ ನಿದ್ದೆ ಬಿಟ್ಟು ‘ನಾನು ಇದ್ದು ಏನು ಪ್ರಯೋಜನ’ ಅಂತ ಮಾತಾಡಿದರೆ ಗುಂಪಿಗೆ ಕಾಯಬೇಡಿ. ತಕ್ಷಣ ಮನೋವೈದ್ಯರಿಗೆ ತೋರಿಸಿ.

ಬೇಗ ಹೇಳಬೇಕು ಅನ್ನುವುದಕ್ಕೆ ಇನ್ನೊಂದು ಗಟ್ಟಿ ಕಾರಣವಿದೆ, ಕಾಗದ ಪತ್ರ. ನಮ್ಮ ಗುಂಪಿನಲ್ಲಿ ಒಂದು ಪೂರ್ತಿ ದಿನ ಇದಕ್ಕೇ ಹೋಗುತ್ತದೆ. ‘ಪವರ್ ಆಫ್ ಅಟಾರ್ನಿ ಬರೆಸಿಟ್ಟಿದ್ದೇವೆ, ಸಾಕು’ ಅಂತ ಎಷ್ಟೋ ಮಕ್ಕಳು ನೆಮ್ಮದಿಯಾಗಿರುತ್ತಾರೆ. ನಮ್ಮ ಕಾಯಿದೆಯಲ್ಲಿ ಬರೆದುಕೊಟ್ಟವರ ತಿಳಿವಳಿಕೆ ಹೋದರೆ ಆ ಪತ್ರದ ಬಲವೂ ಹೋಗುತ್ತದೆ. ಅಂದರೆ ಸರಿಯಾಗಿ ಬೇಕಾದ ಹೊತ್ತಿಗೆ ಅದು ಕೆಲಸಕ್ಕೆ ಬರುವುದಿಲ್ಲ. ಪಿಂಚಣಿ ಖಾತೆಯನ್ನು ತಾಯಿಯವರ ಜೊತೆ ಜಂಟಿ ಮಾಡುವುದು, ನಾಮಿನಿ ಹೆಸರು ನೋಡಿಕೊಳ್ಳುವುದು, ಉಯಿಲು ಬರೆಯುವುದು, ಇವೆಲ್ಲ ಅವರಿಗೆ ಅರ್ಥವಾಗುತ್ತಿರುವಾಗಲೇ, ಅವರ ಇಷ್ಟದಂತೆ ಆಗಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ, ತನ್ನ ಪರವಾಗಿ ಯಾರು ತೀರ್ಮಾನ ಮಾಡಬೇಕು ಅಂತ ಬರೆದಿಡುವ ಅವಕಾಶವಿದೆ. ಕಾಯಿಲೆಯ ಹೆಸರೇ ಗೊತ್ತಿಲ್ಲದವರು ಇದನ್ನೆಲ್ಲ ಹೇಗೆ ಬರೆಯುತ್ತಾರೆ?

ಎಲ್ಲಿ ಹೋಗುವುದು? ಬೆಂಗಳೂರಿಗೆ ತಪಾಸಣೆಗೆ ಬರುವವರು ನಿಮ್ಹಾನ್ಸ್‌ನಲ್ಲಿ ವಿಚಾರಿಸಿ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಎ.ಆರ್.ಡಿ.ಎಸ್.ಐ. (ಆಲ್ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ), ಡಿಮೆನ್ಷಿಯಾ ಇಂಡಿಯಾ ಅಲೈಯನ್ಸ್ ಕೂಡ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿವೆ. ಈಗ ಯಾವ ಗುಂಪು ನಡೆಯುತ್ತಿದೆ, ಕನ್ನಡದಲ್ಲಿದೆಯಾ, ಫೋನಿನಲ್ಲಿ ಸೇರಬಹುದಾ ಅಂತ ಕೇಳಿ. ಕನ್ನಡದ್ದೇ ಬೇಕು. ಮಾತು ಹುಡುಕುವುದೇ ಕಷ್ಟವಾಗಿರುವವರಿಗೆ ಇಂಗ್ಲಿಷಿನಲ್ಲಿ ಹುಡುಕುವ ಶಿಕ್ಷೆ ಯಾಕೆ? ಕೆಲವು ಕಡೆ ‘ಕಾಗ್ನಿಟಿವ್ ಸ್ಟಿಮ್ಯುಲೇಷನ್ ಥೆರಪಿ’ಗೆ ಸೇರಿಸಿ ಅಂತಾರೆ. ಅದು ಬೇರೆ. ವಾರಕ್ಕೆರಡರಂತೆ ಏಳು ವಾರ, 14 ಭೇಟಿ. ಆಟ, ಹಾಡು, ಸುದ್ದಿ, ಅಂಕಿ ಇಟ್ಟುಕೊಂಡು ಮೆದುಳಿಗೆ ಚಟುವಟಿಕೆ ಕೊಡುತ್ತಾರೆ. ಸೌಮ್ಯ ಮತ್ತು ಮಧ್ಯಮ ಹಂತದವರಿಗೆ ಸ್ವಲ್ಪ ಉಪಯೋಗವಿದೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಸಿಕ್ಕರೆ ಅದಕ್ಕೂ ಕಳಿಸಿ. ಆದರೆ ಮನಸ್ಸು ಬಿಚ್ಚಿ ಮಾತಾಡುವ ಗುಂಪಿನ ಬದಲಿಗೆ ಅಂತಲ್ಲ.

ನಿಮ್ಮ ಊರಲ್ಲಿ ಗುಂಪಿಲ್ಲ ಅಂತ ಸುಮ್ನೆ ಕೂರಬೇಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ, ಇಂಥವರೇ ಇನ್ನೂ ಮೂರು ಮನೆಯವರು ಒಪ್ಪಿದರೆ ತಿಂಗಳಿಗೊಮ್ಮೆ ಒಂದು ಗಂಟೆ ಕೂರಿಸಿಕೊಳ್ಳುತ್ತೀರಾ ಅಂತ ಕೇಳಿ. ನಾಲ್ಕು ಜನ ಸಾಕು. ಜಾಗಕ್ಕೆ ನಿವೃತ್ತ ನೌಕರರ ಸಂಘದ ಕೋಣೆ ಆಗುತ್ತದೆ. ಆಸ್ಪತ್ರೆಗಿಂತ ಅದೇ ಒಳ್ಳೆಯದು, ‘ಎಲ್ಲಿಗೆ ಹೊರಟ್ರಿ ಮೇಷ್ಟ್ರೇ’ ಅಂದರೆ ‘ಸಂಘಕ್ಕೆ’ ಅನ್ನಬಹುದು. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿ 14567.

ಗುಂಪು ಎಲ್ಲರಿಗೂ ಒಗ್ಗುತ್ತದೆ ಅಂತ ನಾನು ಹೇಳುವುದಿಲ್ಲ. ಮೊದಲಿನಿಂದಲೂ ನಾಲ್ಕು ಜನರ ಜೊತೆ ಬೆರೆಯದವರು ಈಗ ಬೆರೆಯುವುದಿಲ್ಲ. ಡಿಮೆನ್ಷಿಯಾದಲ್ಲೇ ಬೇರೆ ಬೇರೆ ಬಗೆಗಳಿವೆ. ನೆನಪು ಚೆನ್ನಾಗಿದ್ದು ನಡವಳಿಕೆ ಬದಲಾಗುವ ‘ಫ್ರಂಟೊಟೆಂಪೊರಲ್’ ಬಗೆಯವರಿಗೆ ಇಂಥ ಗುಂಪು ಅಷ್ಟು ಹೊಂದುವುದಿಲ್ಲ. ನಿಮ್ಮ ತಂದೆಯವರದು ಆ ಬಗೆಯಲ್ಲ. ಜೊತೆಗೆ ಅವರು ಮೂವತ್ತು ವರ್ಷ ತರಗತಿಯಲ್ಲಿ ನಿಂತವರು. ಮೂರು ಸಲ ಹೋಗಿ ನೋಡಲಿ. ಮೊದಲ ಸಲ ಎಲ್ಲರೂ ಬಿಗಿಯಾಗಿರುತ್ತಾರೆ, ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಮನೆಗೆ ಬಂದ ಮೇಲೆ ‘ಏನು ಹೇಳಿಕೊಟ್ರು?’ ಅಂತ ಕೇಳಬೇಡಿ, ನೆನಪಿರುವುದಿಲ್ಲ. ಮಾತು ಮರೆತರೂ ಅವತ್ತಿನ ಹಿತ ಸಂಜೆಯವರೆಗೆ ಮುಖದ ಮೇಲೆ ಉಳಿದಿರುತ್ತದೆ. ಅವತ್ತು ಊಟ ಹೇಗೆ ಮಾಡಿದರು, ತಾನಾಗಿ ಎರಡು ಮಾತಾಡಿದರಾ ಅಂತ ತಾಯಿಯವರಿಗೆ ಗಮನಿಸಲು ಹೇಳಿ. ಮುಂದಿನ ಸಲ ಕಳಿಸಬೇಕಾ ಬೇಡವಾ ಅಂತ ಅವರೇ ಹೇಳಲಿ.

ಹೊರಡುವ ಮೊದಲು ಒಂದು ಕೆಲಸ ಇದೆ. ತಂದೆಯವರಿಗೆ ಕಿವಿ ಸರಿಯಾಗಿ ಕೇಳಿಸುತ್ತದಾ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಕಿವಿ ಕೇಳಿಸದೆ ಪೆಚ್ಚಾಗಿ ಕೂತವರನ್ನು ಮರೆವು ಜಾಸ್ತಿಯಾಯ್ತು ಅಂತ ನಾವೇ ತಪ್ಪು ತಿಳಿದದ್ದಿದೆ. ಕನ್ನಡಕವೂ ಜೇಬಿನಲ್ಲಿರಲಿ, ಎದುರಿನವರ ಎದೆಯ ಮೇಲಿನ ಹೆಸರು ಓದಬೇಕಲ್ಲ.